ನಡುವಿಗೆ ಸರಿದ ಗೋಂದು

“ಆ ತಿರುಪಿಗೆ ಕೈ ಹಾಕಿದ್ರೆ ಕೈಗೆ ಬೇಡಿ ಬೀಳುತ್ತೆ, ನವೀನ್ ಕುಮಾರ್ ಅವ್ರೇ.”

ಇನ್ಸ್‌ಪೆಕ್ಟರ್ ಗಂಗಲಕ್ಷ್ಮಿ ದನಿ ಎತ್ತಲಿಲ್ಲ. ಎತ್ತಬೇಕಾದ ಅಗತ್ಯವೂ ಬರಲಿಲ್ಲ. ಫ್ಯಾಕ್ಟರಿಯ ಮ್ಯಾನೇಜರ್ ನವೀನ್ ಕುಮಾರನ ಬೆರಳು ಯಂತ್ರದ ತಿರುಪಿನ ಹತ್ತಿರ ಹೋಗಿ ಹಾಗೇ ಗಾಳಿಯಲ್ಲಿ ನಿಂತಿತು. ಆಮೇಲೆ ಅವನು ಆ ಕೈಯನ್ನು ಏನು ಮಾಡೋದು ಅಂತ ಗೊತ್ತಾಗದೆ ತಲೆ ಕೆರೆದುಕೊಂಡ.

“ಸೀಲ್ ಒಡೆದಿದ್ದು ನೀವೇ ಅಲ್ವಾ ಮೇಡಂ? ಇನ್ನು ಕ್ಲೀನ್ ಮಾಡಬಹುದು ಅಂದ್ಕೊಂಡೆ. ಗೋಂದು ಒಳಗೇ ಕೂತ್ರೆ ಯಂತ್ರ ಹಾಳಾಗುತ್ತೆ.”

“ಹುಡುಗಿ ಬದುಕು ಹಾಳಾಗೋದಕ್ಕಿಂತ ಯಂತ್ರ ಹಾಳಾಗೋದು ಮೇಲು. ಈ ಕಡೆ ಬನ್ನಿ.”

ಬಂದ. ಹೆಡ್ ಕಾನ್‌ಸ್ಟೆಬಲ್ ರಾಮಾಂಜನೇಯ ತಾನಾಗಿಯೇ ಹೋಗಿ ಯಂತ್ರಕ್ಕೂ ಮ್ಯಾನೇಜರನಿಗೂ ನಡುವೆ ನಿಂತ. ಪಾವಗಡದ ಆಳು, ಬಾಗಿಲಿನಷ್ಟು ಅಗಲ. ಅವನು ನಿಂತರೆ ಆ ಕಡೆಯಿಂದ ಈ ಕಡೆಗೆ ಬೆಕ್ಕು ಕೂಡ ನುಸುಳೋ ಹಾಗಿರಲಿಲ್ಲ.

ಮಧುಗಿರಿಯಿಂದ ಸಿರಾಕ್ಕೆ ಹೋಗುವ ರಸ್ತೆಯ ಪಕ್ಕದ ಈ ಹುಣಸೆ ಬೀಜದ ಫ್ಯಾಕ್ಟರಿಯಲ್ಲಿ, ಲ್ಯಾಬಿನ ಮುಖ್ಯಸ್ಥ ಅಡವಯ್ಯನವರು ಬೀಜ ನೆನೆಹಾಕುವ ತೊಟ್ಟಿಯೊಳಗೆ ತಲೆ ಒಡೆದು ಹೆಣವಾಗಿ ಸಿಕ್ಕಿದ್ದು ನಿನ್ನೆ ಮಧ್ಯಾಹ್ನ. ತೊಟ್ಟಿಯಲ್ಲಿ ನೀರಿರಲಿಲ್ಲ. ಅಂಗಿಯ ಬೆನ್ನು ಹರಿದಿತ್ತು. ಜಾರಿ ಬಿದ್ದವರ ಅಂಗಿ ಬೆನ್ನಿನ ಕಡೆ ಹರಿಯೋದಿಲ್ಲ.

ಅನುಮಾನದ ಮೇಲೆ ಗಂಗಲಕ್ಷ್ಮಿ ಹಿಡಿದಿದ್ದು ಅವರ ಕೈಕೆಳಗಿನ ಹುಡುಗಿ ಹರ್ಷಿತಾಳನ್ನು. ಸಂಜೆಯೊಳಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಅಲ್ಲಿಂದ ಸೀದಾ ಜೈಲು. ಹಿಡಿದ ಗಳಿಗೆಯಿಂದಲೂ ಗಂಗಲಕ್ಷ್ಮಿಗೆ ತಪ್ಪು ಮಾಡಿಬಿಟ್ಟೆನೇನೋ ಅನ್ನೋ ಅಳುಕು, ಊಟದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಆದರೆ ಅಳುಕನ್ನು ಕೋರ್ಟಿಗೆ ಕೊಡೋಕೆ ಬರುತ್ತದೆಯೇ?

ಹುಡುಗಿ ಹೇಳೋದು ಒಂದೇ ಮಾತು. “ಫ್ಯಾಕ್ಟರಿ ಬಾಗಿಲು ತೆಗೀತಿದ್ದಂಗೆ ಬಂದು ಯಂತ್ರಕ್ಕೆ ಗೋಂದು ಹಾಕಿ ಓಡೋಕೆ ಬಿಟ್ಟೆ. ಲ್ಯಾಬಿಗೆ ಬೀಗ ಹಾಕಿ ಅಮ್ಮನ ಜೊತೆ ಗೊರವನಹಳ್ಳಿ ಗುಡಿಗೆ ಅಂತ ಬಸ್ ಹತ್ತಿದೆ. ವಾಪಸ್ ಬಂದಾಗ ಪೊಲೀಸ್ ಜೀಪು ನಿಂತಿತ್ತು.”

ಸಾಕ್ಷಿ ಏನಮ್ಮ ಅಂದರೆ ಅಮ್ಮ. ಅಮ್ಮಂದಿರ ಸಾಕ್ಷಿಗೆ ಪೊಲೀಸ್ ಸ್ಟೇಷನ್‌ನಲ್ಲಿ ಎಷ್ಟು ಬೆಲೆ ಅಂತ ಹೇಳಬೇಕಾಗಿಲ್ಲ. ಬಸ್ಸಿನ ಟಿಕೆಟ್ಟು ಎಲ್ಲೋ ಬಿಸಾಕಿದ್ದಾರೆ. ಮೊಬೈಲನ್ನೋ, ಮಹಾತಾಯಿ ಲ್ಯಾಬಿನಲ್ಲೇ ಚಾರ್ಜಿಗೆ ಹಾಕಿ ಮರೆತು ಹೋಗಿದ್ದಳು. ಹಾಗಾಗಿ ಟವರ್ ಕೂಡ ಅವಳು ಫ್ಯಾಕ್ಟರಿಯಲ್ಲೇ ಇದ್ದಳು ಅಂತಲೇ ಹೇಳುತ್ತಿತ್ತು.

ನವೀನ್ ಕುಮಾರ್ ಹೇಳೋದು ಬೇರೆ. “ಅವಳು ಎಲ್ಲೂ ಹೋಗಿಲ್ಲ. ಊಟದ ಸೈರನ್ ಆಗೋಕೆ ಸ್ವಲ್ಪ ಮುಂಚೆ ಕಿಟಕಿ ಗಾಜಿನಲ್ಲಿ ಕಣ್ಣಾರೆ ನೋಡಿದೀನಿ. ಬಿಳಿ ಕೋಟು ಹಾಕ್ಕೊಂಡು ಯಂತ್ರಕ್ಕೆ ಗೋಂದು ಸುರೀತಿದ್ಲು.”

ಸೈರನ್ ಆದ ಮೇಲೆ ಹೆಣ ಸಿಕ್ಕಿತು. ಯಾರೋ ಗಾಬರಿಯಲ್ಲಿ ಮೇನ್ ಸ್ವಿಚ್ ಎಳೆದರು. ಯಂತ್ರ ಅಲ್ಲಿಗೆ ನಿಂತಿದ್ದು, ನಿಂತೇ ಇದೆ. ಹಳೇ ಕಾಲದ್ದು, ಎಷ್ಟು ಹೊತ್ತು ಓಡಿದೆ ಅಂತ ತೋರಿಸೋ ಗಡಿಯಾರ ಅದಕ್ಕಿಲ್ಲ.

ಇಷ್ಟೇ ಕೇಸು. ಯಂತ್ರ ಬೆಳಗಿನಿಂದ ಓಡಿದ್ದರೆ ಹುಡುಗಿಯ ಮಾತು ನಿಜ. ಸೈರನ್ನಿಗೆ ಸ್ವಲ್ಪ ಮುಂಚೆ ಗೋಂದು ಬಿದ್ದಿದ್ದರೆ ಮ್ಯಾನೇಜರನ ಮಾತು ನಿಜ.

ಮಾತಾಡಲಾರದ ಆ ಯಂತ್ರದ ಬಾಯಿ ಬಿಡಿಸೋದು ಹೆಂಗೆ ಅನ್ನೋದೇ ಗಂಗಲಕ್ಷ್ಮಿಯ ತಲೆನೋವು. ಅದಕ್ಕೇ ಸಿರಾ ಕಾಲೇಜಿನಿಂದ ಪ್ರಿಯಾಂಕ ಮೇಡಂ ಅವರನ್ನು ಕರೆಸಿದ್ದಳು. ಕೆಮಿಸ್ಟ್ರಿ ಲೆಕ್ಚರರ್. ಹರ್ಷಿತಾಗೆ ಪಾಠ ಹೇಳಿದವರು. ಕೆಲಸಕ್ಕೆ ಸೇರೋಕೆ ಮುಂಚೆ ಇದೇ ಅಡವಯ್ಯನವರ ಹತ್ತಿರ, ಇದೇ ಯಂತ್ರದ ಮೇಲೆ ಪಿಎಚ್‌ಡಿಗೆ ಓದಿದವರು. ಸುದ್ದಿ ಕೇಳಿ ಅವರ ಕಣ್ಣು ಊದಿಕೊಂಡಿತ್ತು. ಆದರೂ ಬಂದಿದ್ದರು.

“ಎಷ್ಟು ವರ್ಷ ಆಯ್ತು ಈ ಬಾಗಿಲು ದಾಟಿ,” ಅಂದರು ಪ್ರಿಯಾಂಕ, ಸೆರಗಿನಲ್ಲಿ ಮೂಗು ಒರೆಸಿಕೊಂಡು. “ಏನೂ ಬದಲಾಗಿಲ್ಲ ಇಲ್ಲಿ.”

ಗೋಂದಿನ ಅಂಟು ಎಷ್ಟು ಅಂತ ಅಳೆಯೋಕೆ ಮೇಜಿನ ಮೇಲಿಟ್ಟಿದ್ದ ಯಂತ್ರವನ್ನು ಫ್ಯಾಕ್ಟರಿಯ ಹೆಂಗಸರು ಬೀಸೋಕಲ್ಲು ಅಂತಲೇ ಕರೆಯುತ್ತಿದ್ದರು. ಹೆಸರೇನೋ ಸರಿಯಾಗಿಯೇ ಇತ್ತು. ಕೆಳಗೆ ಅಲ್ಲಾಡದ ದಪ್ಪ ಗಾಜಿನ ತಟ್ಟೆ. ಅದರ ಮೇಲೆ ಬೋರಲು ಕೂತ ಚಪ್ಪಟೆ ಶಂಕು, ಅದು ತಿರುಗುವ ಮೇಲ್ಗಲ್ಲು. ಎರಡರ ನಡುವಿನ ಸಣ್ಣ ಸಂದಿನಲ್ಲಿ ಗೋಂದಿನ ದ್ರಾವಣ. ಅಂಟು ಅಂಟಾದ ಗ್ಲಿಸರಿನ್ ನೀರಿಗೆ ಹುಣಸೆ ಬೀಜದ ಗೋಂದು ಒಂದು ಚಿಟಿಕೆ, ಅಷ್ಟೇ.

“ಇದರಲ್ಲಿ ನೋಡೋಕೆ ಏನಿದೆ ಮೇಡಂ?” ಅಂದ ನವೀನ್ ಕುಮಾರ್. “ನಾನು ಆಗಲೇ ನೋಡಿದೀನಿ. ಅಂಚಿನಿಂದ ಒಂದು ತೊಟ್ಟು ಸೂಜೀಲಿ ಎತ್ತಿ, ಪಕ್ಕದ ರೂಮಿನ ಸಣ್ಣ ಗಾಜಿನ ಕೊಳವೇಲಿ ಇಳಿಸ್ದೆ. ಸರ್ರ್ ಅಂತ ಇಳೀತು. ನೀರು ನೀರು.”

ಗಂಗಲಕ್ಷ್ಮಿ ಅವನ ಕಡೆ ತಿರುಗಿದಳು.

“ಯಾವಾಗ ಎತ್ತಿದ್ರಿ?”

“ನೀವು ಸೀಲ್ ಹಾಕೋಕೆ ಮುಂಚೆ.”

“ಬೀಗ ಹಾಕಿತ್ತಲ್ಲ ಲ್ಯಾಬು.”

“ಬೀಗದ ಕೈ ಮೂವರ ಹತ್ರ ಇರುತ್ತೆ. ಅಡವಯ್ಯನೋರು, ಹರ್ಷಿತಾ, ನಾನು.”

“ಓಹೋ. ಆಚೆ ತೊಟ್ಟೀಲಿ ದಿನಾ ಜೊತೇಲಿ ಟೀ ಕುಡಿಯೋ ಮನುಷ್ಯ ಹೆಣವಾಗಿ ಬಿದ್ದವ್ರೆ. ನೀವು ಇಲ್ಲಿ ಬೀಗ ತೆಗೆದು ಗೋಂದಿನ ತೊಟ್ಟು ಎತ್ತುತಾ ಕೂತಿದ್ರಿ.”

ನವೀನ್ ಕುಮಾರನ ಕುತ್ತಿಗೆ ಕೆಂಪಾಯಿತು. “ನಾನು ಕಣ್ಣಾರೆ ನೋಡಿದ್ದಕ್ಕೆ ಸಾಕ್ಷಿ ಬೇಕಿತ್ತು ಮೇಡಂ. ಆ ಹುಡುಗಿ ಸುಳ್ಳು ಹೇಳ್ತಾಳೆ ಅಂತ ಆಗಲೇ ಗೊತ್ತಿತ್ತು.”

“ಹುಡುಗೀನ ನಾವಿನ್ನೂ ವಿಚಾರಿಸೇ ಇರಲಿಲ್ಲ. ಅವಳು ಏನು ಹೇಳ್ತಾಳೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

ರಾಮಾಂಜನೇಯ ಗಂಟಲಲ್ಲೇ “ಅದಿ ಸಂಗತಿ” ಅಂದ. ಖುಷಿಯಾದರೆ ಅವನ ಬಾಯಲ್ಲಿ ತೆಲುಗು ತಾನಾಗಿ ಬರುತ್ತಿತ್ತು.

ಮ್ಯಾನೇಜರ್ ಸುಮ್ಮನಾಗೋ ಜಾತಿಯಲ್ಲ. ಜೇಬಿನಿಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡು ಮತ್ತೆ ಶುರು ಮಾಡಿದ.

“ಸರಿ ಮೇಡಂ, ನನ್ನ ಮೇಲೆ ಅನುಮಾನ ಪಡಿ. ಆದ್ರೆ ಲೆಕ್ಕ ನೋಡಿ. ಮನೇಲಿ ರಾಗಿ ಬೀಸೋದು ನೋಡಿದೀರಲ್ಲ? ಹಿಟ್ಟು ಎಲ್ಲಿಗೆ ಬರುತ್ತೆ?”

“ಅಂಚಿಗೆ,” ಅಂದ ರಾಮಾಂಜನೇಯ. ಅವನನ್ನು ಯಾರೂ ಕೇಳಿರಲಿಲ್ಲ.

“ಅಂಚಿಗೆ ತಾನೇ? ಈ ಬೀಸೋಕಲ್ಲು ಬೆಳಗಿಂದ ತಿರುಗಿದ್ರೆ ಗೋಂದೆಲ್ಲ ಅಂಚಿಗೆ ಬಂದು ಗಟ್ಟಿಯಾಗಿ ನಿಂತಿರಬೇಕಿತ್ತು. ಅಂಚು ನೀರು ನೀರಾಗಿದೆ ಅಂದ್ರೆ ಏನರ್ಥ? ಯಂತ್ರ ಓಡೇ ಇಲ್ಲ. ಇವಳು ಆಗ ತಾನೇ ಸುರಿದಿದ್ದು.”

ಗಂಗಲಕ್ಷ್ಮಿಗೂ ಲೆಕ್ಕ ಸರಿ ಅನ್ನಿಸಿತು. ಅವಳೂ ಕೊಡಿಗೇನಹಳ್ಳಿಯ ಹುಡುಗಿ. ಅಜ್ಜಿಯ ಎದುರಿಗೆ ಕೂತು ಗೂಟ ಹಿಡಿದು ಬೀಸಿದವಳು. ಹಿಟ್ಟು ನಡುವಿಗೆ ಹೋಗಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

ಆದರೆ ಏನೋ ಒಂದು ಹೊಂದುತ್ತಿರಲಿಲ್ಲ. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ವರಾಂಡದ ಬೆಂಚಿನ ಮೇಲೆ, ಮಹಿಳಾ ಕಾನ್‌ಸ್ಟೆಬಲ್ ಪಕ್ಕದಲ್ಲಿ ಹರ್ಷಿತಾ ಕೂತಿದ್ದಳು. ಗೇಟಿನಾಚೆ ಅವಳ ತಾಯಿ ಪಟಾಲಮ್ಮ. ಬೆಳಗಿನಿಂದ ಆ ಹೆಂಗಸು ಗೇಟಿನ ಸರಳು ಬಿಟ್ಟಿರಲಿಲ್ಲ. ಅಳುತ್ತಲೂ ಇರಲಿಲ್ಲ. ಮಗಳ ಕಡೆ ನೋಡುತ್ತಿದ್ದಳು, ಅಷ್ಟೇ.

“ನವೀನ್ ಕುಮಾರ್ ಅವ್ರೇ, ಸೀಸೇಲಿರೋ ಗೋಂದನ್ನೂ ಕೊಳವೇಲಿ ಇಳಿಸಿ ನೋಡಿದ್ರಾ?”

“ನೋಡ್ದೆ. ಅದು ನಿಧಾನಕ್ಕೆ ಇಳೀತು. ಅದು ಸರಿಯಾಗೇ ಇದೆ.”

“ಹಂಗಾದ್ರೆ ಆಗ ತಾನೇ ಸುರಿದ ಗೋಂದು ಸೀಸೇಲಿರೋ ಗೋಂದಿನಂಗೇ ಇರಬೇಕಲ್ಲ? ಅದಕ್ಕಿಂತ ನೀರು ನೀರು ಹೆಂಗಾಯ್ತು? ಅಂಚಲ್ಲಿ ಕಮ್ಮಿ ಬಿದ್ದ ಗೋಂದು ಎಲ್ಲಿಗೆ ಹೋಯ್ತು?”

ಪ್ರಿಯಾಂಕ ತಲೆ ಎತ್ತಿ ನೋಡಿದರು. ಬೆಳಗಿನಿಂದ ಮೊದಲ ಸಲ ಅವರ ಮುಖದಲ್ಲಿ ಒಂದಿಷ್ಟು ಕಳೆ ಬಂತು.

“ಅವಳೇ ನೀರು ಬೆರೆಸಿರ್ತಾಳೆ,” ಅಂದ ಮ್ಯಾನೇಜರ್. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

“ಇಲ್ಲ,” ಅಂದರು ಪ್ರಿಯಾಂಕ. “ನಡುವಿಗೆ ಹೋಗಿದೆ.”

“ಮೇಡಂ, ಹಿಟ್ಟು—”

“ಹಿಟ್ಟು ಬಿಡಿ ಸಾರ್. ಹಿಟ್ಟು ಪುಡಿ. ಮೇಲಿಂದ ಕಾಳು ಸುರಿದು ಹೊರಗೆ ತಳ್ಳಿಸ್ತೀರಿ, ಬರುತ್ತೆ. ಇದು ಪಾಲಿಮರ್. ಒಂದೊಂದು ಅಣುವೂ ಉದ್ದನೆಯ ದಾರ. ನಿಂತ ನೀರಲ್ಲಿ ಉಂಡೆ ಸುತ್ತಿಕೊಂಡು ಬಿದ್ದಿರುತ್ತೆ. ದ್ರಾವಣ ಸುತ್ತೋಕೆ ಶುರುವಾದ್ರೆ ಆ ಉಂಡೆ ಎಳೆದುಕೊಂಡು ಉದ್ದ ಆಗುತ್ತೆ, ಸುತ್ತೋ ದಾರಿಯ ಉದ್ದಕ್ಕೂ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕ್ತಾರಲ್ಲ, ಆರಿದ ಮೇಲೆ ಏನು ಮಾಡುತ್ತೆ ಅದು?”

“ಒಳಕ್ಕೆ ಹಿಚುಕುತ್ತೆ,” ಅಂದಳು ಗಂಗಲಕ್ಷ್ಮಿ.

“ಅದೇ. ದುಂಡಗೆ ಬಾಗಿದ ದಾರಿಯಲ್ಲಿ ಎಳೆಸಿಕೊಂಡ ದಾರ ನಡುವಿನ ಕಡೆಗೇ ಜಗ್ಗುತ್ತೆ. ಒಂದು ಸುತ್ತಿಗೆ ಕೂದಲೆಳೆಯಷ್ಟೂ ಇಲ್ಲ. ಆದ್ರೆ ಗಂಟೆಗಟ್ಟಲೆ ತಿರುಗಿಸಿದ್ರೆ ಒಂದೊಂದೇ ಸರಿದು ಸರಿದು ನಡುವೆ ಗುಂಪಾಗುತ್ತೆ, ಅಂಚು ಬರಿದಾಗುತ್ತೆ. ಅಂಚು ನೀರು ನೀರಾಗಿದೆ ಅಂತ ಇವರು ಹೇಳಿದ್ದೇ ಇದು ಬೆಳಗಿಂದ ಓಡಿದೆ ಅನ್ನೋಕೆ ಗುರುತು.”

ಮ್ಯಾನೇಜರನ ಮುಖ ನೋಡಬೇಕಿತ್ತು ಆಗ. ಹುಡುಗಿಯನ್ನು ಕಟ್ಟಿಹಾಕೋಕೆ ತಂದ ಹಗ್ಗ ತನ್ನ ಕಾಲಿಗೇ ಸುತ್ತಿಕೊಂಡಿತ್ತು.

“ಇವರು ಅವಳ ಟೀಚರ್ರು ಮೇಡಂ,” ಅಂದ ಕೊನೆಗೆ. “ಅವಳ ಪರ ಹೇಳ್ದೆ ಇನ್ನೇನು ಹೇಳ್ತಾರೆ? ನೀರು ಬೆರೆಸಿದ್ರೂ ಅಂಚು ತೆಳ್ಳಗೇ ಇರುತ್ತೆ.”

ಅದೂ ನಿಜವೇ. ಗಂಗಲಕ್ಷ್ಮಿಗೆ ಆ ಮನುಷ್ಯನ ಮೇಲೆ ಎಷ್ಟು ಸಿಟ್ಟಿದ್ದರೂ ಮಾತು ತಳ್ಳಿಹಾಕುವಂಥದ್ದಲ್ಲ ಅಂತ ಗೊತ್ತಿತ್ತು. ಕೋರ್ಟಿನಲ್ಲಿ ವಕೀಲರು ಮೊದಲು ಕೇಳೋದೂ ಇದನ್ನೇ.

“ನೀರು ಬೆರೆಸಿದ್ರೆ ನಡುವೆಯೂ ತೆಳ್ಳಗಿರಬೇಕು,” ಅಂದಳು ಅವಳು. “ಸರಿದು ಹೋಗಿದ್ರೆ ನಡುವೆ ಗಟ್ಟಿ ಇರಬೇಕು. ನಡುವೆ ನೋಡಿದ್ರೆ ಮುಗೀತು.”

“ನೋಡೋಕೆ ಮೇಲ್ಗಲ್ಲು ಎತ್ತಬೇಕಲ್ಲ,” ಅಂದ ನವೀನ್ ಕುಮಾರ್. ಮತ್ತೆ ಮುಂದಕ್ಕೆ ಹೆಜ್ಜೆ ಇಟ್ಟ. “ಅದನ್ನೇ ನಾನು ಆಗಿಂದ—”

“ಎತ್ತಿದ್ರೆ ಎಲ್ಲ ಕಲೆಸಿ ಹೋಗುತ್ತೆ,” ಅಂದರು ಪ್ರಿಯಾಂಕ ತಟ್ಟನೆ. “ಮುಟ್ಟದೆ ಬಿಟ್ರೆ ತಿಂಗಳುಗಟ್ಟಲೆ ಹೀಗೇ ಇರುತ್ತೆ, ಈ ಅಂಟಿನಲ್ಲಿ ದಾರಗಳು ತಾವಾಗಿ ವಾಪಸ್ ಹರಡೋಕೆ ಅಷ್ಟು ನಿಧಾನ. ಆದ್ರೆ ಒಂದೇ ಒಂದು ಸಲ ಎತ್ತಿದ್ರೂ ಮುಗೀತು.”

ರಾಮಾಂಜನೇಯನ ಕೈ ಮ್ಯಾನೇಜರನ ಎದೆಯ ಮೇಲೆ ಬಿತ್ತು. ಹೊಡೆದದ್ದಲ್ಲ, ಇಟ್ಟದ್ದು. “ಅಕ್ಕಡೇ ಉಂಡಂಡಿ ಸಾರ್, ಅಲ್ಲೇ ಇರಿ,” ಅಂದ ಮೆತ್ತಗೆ.

ಪ್ರಿಯಾಂಕ ಚೀಲದೊಳಗೆ ಕೈ ಹಾಕಿ ಒಂದು ಸಣ್ಣ ಲೈಟು ತೆಗೆದರು. ಅಂಗಡಿಯವರು ಕಳ್ಳನೋಟು ನೋಡೋಕೆ ಇಟ್ಟುಕೊಳ್ಳುವ ನೇರಳೆ ಬಣ್ಣದ ಲೈಟು.

“ಕೆಳಗಿನ ತಟ್ಟೆ ಗಾಜು. ಅಡಿಯಿಂದ ನೋಡಬಹುದು. ಅಡವಯ್ಯ ಸರ್ ಗೋಂದಿನ ಅಣುಗಳಿಗೆ ಬಣ್ಣ ಕಟ್ಟಿದಾರೆ. ಬಿಸಿಲಲ್ಲಿ ಕಾಣಲ್ಲ, ಈ ಬೆಳಕಲ್ಲಿ ಹೊಳೆಯುತ್ತೆ. ಪರದೆ ಎಳೀರಿ.”

ಪರದೆ ಎಳೆದರು. ರೂಮು ಮಬ್ಬಾಯಿತು. ಹೊರಗೆ ಬೀಜ ಹುರಿಯುವ ಶೆಡ್ಡಿನಲ್ಲೂ ಇವತ್ತು ಕೆಲಸ ಇಲ್ಲ, ಹಾಗಾಗಿ ಎಲ್ಲೂ ಸದ್ದಿಲ್ಲ. ಕ್ಯಾಂಟೀನಿನಿಂದ ತಂದ ಕೈಗನ್ನಡಿಯನ್ನು ಗಾಜಿನ ತಟ್ಟೆಯ ಅಡಿಯಲ್ಲಿ ಓರೆಯಾಗಿ ಹಿಡಿದು ಗಂಗಲಕ್ಷ್ಮಿ ಮಂಡಿಯೂರಿದಳು. ಖಾಕಿ ಪ್ಯಾಂಟು ಧೂಳಾಯಿತು. ನಡುವೆ ಬೆಳಕು ಕಂಡರೆ ಹುಡುಗಿ ಮನೆಗೆ, ಕಾಣದಿದ್ದರೆ ಜೈಲಿಗೆ.

ಪ್ರಿಯಾಂಕ ಲೈಟು ಹಾಕಿದರು.

ಅಂಚಿನ ಕಡೆ ಕತ್ತಲೆ. ಒಳಗೆ ಬಂದ ಹಾಗೆ ಮಸುಕು ಹಸಿರು. ಸರಿಯಾಗಿ ನಡುವೆ, ಶಂಕುವಿನ ತುದಿ ಕೂತ ಜಾಗದ ಸುತ್ತ, ಹಸಿರು ಬೆಳಕು ಹೆಪ್ಪುಗಟ್ಟಿದ ಹಾಗೆ ನಿಂತಿತ್ತು.

ಗಂಗಲಕ್ಷ್ಮಿ ತುಂಬ ಹೊತ್ತು ನೋಡಿದಳು. “ಓಡಿದೆ,” ಅಂದಳು. “ಬೆಳಗಿಂದ ಓಡಿದೆ.”

ರಾಮಾಂಜನೇಯನೂ ಬಗ್ಗಿ ನೋಡಿದ. ನವೀನ್ ಕುಮಾರನಿಗೂ ತೋರಿಸಿದರು. ಅವನು ನೋಡಿ ಎದ್ದವನು ಹತ್ತಿರದ ಸ್ಟೂಲು ಎಳೆದುಕೊಂಡು ಕೂತ.

“ಈಗ ಹೇಳಿ,” ಅಂದಳು ಗಂಗಲಕ್ಷ್ಮಿ ಅವನೆದುರು ನಿಂತು. “ಕಿಟಕೀಲಿ ಏನು ನೋಡಿದ್ರಿ? ಗೋಂದು ಸುರಿಯೋದನ್ನ ನೋಡಿದ್ರೋ, ಸುಮ್ಮನೆ ಬಗ್ಗಿ ನಿಂತಿದ್ದನ್ನ ನೋಡಿದ್ರೋ?”

“ಬಗ್ಗಿ... ಬಗ್ಗಿ ನಿಂತಿದ್ಲು. ಬಿಳಿ ಕೋಟು. ಬೆನ್ನು ಈ ಕಡೆ ಇತ್ತು.”

“ಮುಖ ಕಂಡಿತ್ತಾ?”

“ಇಲ್ಲ. ಆದ್ರೆ ಲ್ಯಾಬಲ್ಲಿ ಇರೋದು ಅವಳೊಬ್ಬಳೇ ಅಲ್ವಾ ಮೇಡಂ?”

“ಮುಖ ಕಾಣದೇನೇ ಒಂದು ಹುಡುಗೀನ ಕೊಲೆಗಾತಿ ಮಾಡಿಬಿಟ್ರಿ.”

“ನನ್ನ ಮೇಲೆ ಬರುತ್ತೆ ಅಂತ ಹೆದರಿದೆ,” ಅಂದ ಅವನು. “ತೊಟ್ಟಿ ಹತ್ರ ಬೆಳಗ್ಗೆ ಅವರಿಗೂ ನನಗೂ ಮಾತಿಗೆ ಮಾತು ಬೆಳೆದಿತ್ತು. ಎಲ್ಲರೂ ಕೇಳಿಸ್ಕೊಂಡಿದ್ರು. ಆದ್ರೆ ಸತ್ಯವಾಗ್ಲೂ ಯಾರೋ ಇದ್ರು ಮೇಡಂ ಇಲ್ಲಿ. ಬಿಳಿ ಕೋಟು ಕಂಡಿದ್ದು ಸುಳ್ಳಲ್ಲ.”

ಇವನ ಮಾತು ನಂಬೋದು ಕಷ್ಟ. ಆದರೆ ಅದನ್ನು ಆಮೇಲೆ ನೋಡಿಕೊಳ್ಳಬಹುದು. ಸದ್ಯಕ್ಕೆ ಗಂಗಲಕ್ಷ್ಮಿಗೆ ಮನಸ್ಸು ಹಗುರಾಗಿತ್ತು. ನಿನ್ನೆಯಿಂದ ಇಲ್ಲದ ಹಸಿವು ಈಗ ಒಮ್ಮೆಗೇ ಎದ್ದು ಬಂತು.

“ರಾಮಾಂಜನೇಯ, ಹುಡುಗೀನ ಕರೀರಿ. ಅವಳೇ ಕಣ್ಣಾರೆ ನೋಡಲಿ.”

ಹರ್ಷಿತಾ ಬಾಗಿಲಲ್ಲಿ ಬಂದು ನಿಂತಳು. ನಿನ್ನೆಯ ಚೂಡಿದಾರ, ಕೆದರಿದ ಜಡೆ. ಪ್ರಿಯಾಂಕ ಹೋಗಿ ಅವಳ ಭುಜ ಹಿಡಿದರು. “ಮುಗೀತು ಕಣೇ. ಅಳಬೇಡ. ಸಂಜೆಗೆ ಮನೇಲಿರ್ತೀಯ.”

“ಬಾಮ್ಮ ಇಲ್ಲಿ,” ಅಂದಳು ಗಂಗಲಕ್ಷ್ಮಿ. “ನೀನು ಹೇಳಿದ್ದು ಸರಿ ಇತ್ತು. ನಿನ್ನ ಯಂತ್ರಾನೇ ನಿನ್ನ ಪರ ಸಾಕ್ಷಿ ಹೇಳಿತು. ಬಗ್ಗಿ ನೋಡು.”

ಹುಡುಗಿ ಮಂಡಿಯೂರಿ ಕನ್ನಡಿಯೊಳಗೆ ನೋಡಿದಳು. ನಗುತ್ತಾಳೆ ಅಂದುಕೊಂಡಿದ್ದರು ಎಲ್ಲರೂ. ಅಳುತ್ತಾಳೆ ಅಂದುಕೊಂಡಿದ್ದ ರಾಮಾಂಜನೇಯ ನೀರಿನ ಬಾಟಲಿ ಹಿಡಿದು ನಿಂತಿದ್ದ. ಅವಳು ಎರಡೂ ಮಾಡಲಿಲ್ಲ. ಕನ್ನಡಿಯನ್ನು ಆ ಕಡೆ ಓರೆ ಮಾಡಿ ನೋಡಿದಳು, ಈ ಕಡೆ ಓರೆ ಮಾಡಿ ನೋಡಿದಳು. ಎದ್ದಾಗ ಅವಳ ಮುಖದಲ್ಲಿ ರಕ್ತ ಇರಲಿಲ್ಲ.

“ಏನಾಯ್ತಮ್ಮ?”

“ಮೇಡಂ, ಇದು ನಾನು ಹಾಕಿದ್ದಲ್ಲ.”

“ಏನಂದೆ?”

“ನಾನು ಹಾಕಿದ್ದು ಬರೀ ಗೋಂದು. ಬಣ್ಣ ಕಟ್ಟಿದ್ದಲ್ಲ. ಅದು ಈ ಬೆಳಕಲ್ಲಿ ಹೊಳೆಯೋದೇ ಇಲ್ಲ. ಬಣ್ಣದ್ದು ಸರ್ ತಮ್ಮ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರ್ತಾರೆ, ನನ್ನ ಕೈಗೆ ಕೊಡೋದೇ ಇಲ್ಲ. ನಾನು ಹೋದ ಮೇಲೆ ಯಾರೋ ನನ್ನ ಗೋಂದು ಒರೆಸಿ ಇದನ್ನ ಹಾಕಿದಾರೆ.”

ಗಂಗಲಕ್ಷ್ಮಿಗೆ ಅರ್ಥವಾಗೋಕೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಯಂತ್ರ ಬೆಳಗಿನಿಂದ ಓಡಿದ್ದು ನಿಜ. ಆದರೆ ಓಡಿಸಿದ್ದು ಇವಳಲ್ಲ. ಅಂದರೆ ಆ ಹಸಿರು ಬೆಳಕು ಇವಳನ್ನು ಗೊರವನಹಳ್ಳಿ ಬಸ್ಸು ಹತ್ತಿಸೋದಿಲ್ಲ. ಹುಡುಗಿ ತನ್ನನ್ನು ಬಿಡಿಸುವ ಒಂದೇ ಒಂದು ಸಾಕ್ಷಿಯನ್ನು ತನ್ನ ಬಾಯಿಂದಲೇ ಅಳಿಸಿಹಾಕಿದ್ದಳು.

“ಏನು ಹೇಳ್ತಿದೀಯ ಗೊತ್ತಾ ನಿನಗೆ?” ಗಂಗಲಕ್ಷ್ಮಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಅವಳಿಗೂ ಗೊತ್ತಾಗಲಿಲ್ಲ. “ಸುಮ್ಮನಿದ್ದಿದ್ರೆ ನಿಮ್ಮಮ್ಮನ ಜೊತೆ ಮನೆಗೆ ಹೋಗ್ತಿದ್ದೆ ಕಣಮ್ಮ.”

“ಗೊತ್ತು ಮೇಡಂ.” ಈಗ ಅವಳ ಕಣ್ಣು ತುಂಬಿತು. “ಆದ್ರೆ ಸುಮ್ಮನಿದ್ರೆ ಸರ್‌ನ ಕೊಂದೋರು ಸಿಗಲ್ಲ. ಇದನ್ನ ಹಾಕಿದೋರ ಹತ್ರ ಸರ್ ಬೀರು ಕೀಲಿ ಇತ್ತು. ಈ ಯಂತ್ರ ಓಡಿಸೋಕೂ ಬರ್ತಿತ್ತು.”

ನವೀನ್ ಕುಮಾರ್ ಸ್ಟೂಲಿನಿಂದ ಎದ್ದ. “ನನಗೆ ಬರಲ್ಲ ಮೇಡಂ. ಕೇಳಿ ಇವಳನ್ನೇ. ಇದನ್ನ ಸ್ಟಾರ್ಟ್ ಮಾಡೋಕೂ ನನಗೆ ಬರಲ್ಲ.”

“ಹೌದು ಮೇಡಂ,” ಅಂದಳು ಹರ್ಷಿತಾ. “ಅವರಿಗೆ ಬರಲ್ಲ.”

ಗಂಗಲಕ್ಷ್ಮಿ ಅವನ ಕಡೆ ನೋಡಲೇ ಇಲ್ಲ. ಅವಳು ನೋಡುತ್ತಿದ್ದದ್ದು ಆ ನೇರಳೆ ಲೈಟನ್ನು, ಅದನ್ನು ಹಿಡಿದ, ಇದೇ ಯಂತ್ರದ ಮೇಲೆ ಪಳಗಿದ ಕೈಯನ್ನು. ಸಿರಾದಿಂದ ಬರುವಾಗಲೇ ಚೀಲದಲ್ಲಿ ಹಾಕಿಕೊಂಡು ಬಂದ ಲೈಟು. ಬರಿಗಣ್ಣಿಗೆ ಬರೀ ನೀರಿನಂತೆ ಕಾಣುವ ಗೋಂದು.

“ಪ್ರಿಯಾಂಕ ಮೇಡಂ,” ಅಂದಳು ನಿಧಾನಕ್ಕೆ. “ಯಂತ್ರದೊಳಗೆ ಇರೋದು ಬಣ್ಣದ ಗೋಂದು ಅಂತ ನಿಮಗೆ ಯಾರು ಹೇಳಿದ್ರು?”

ಲೈಟು ಆರಿತು. ಮಬ್ಬಿನಲ್ಲಿ ಪ್ರಿಯಾಂಕ ಇನ್ಸ್‌ಪೆಕ್ಟರ್ ಕಡೆ ತಿರುಗಲಿಲ್ಲ. ಅವರು ನೋಡುತ್ತಿದ್ದದ್ದು ಹರ್ಷಿತಾಳನ್ನು ಮಾತ್ರ. ಕ್ಲಾಸಿನಲ್ಲಿ ಜಾಣ ಹುಡುಗಿಯೊಬ್ಬಳು ತಪ್ಪು ಉತ್ತರ ಬರೆದಾಗ ಬರುವಂಥ ಬೇಜಾರು ಅವರ ದನಿಯಲ್ಲಿತ್ತು.

“ನಿನ್ನ ಬಿಡಿಸೋಕೆ ಅಂತಲೇ ಬಂದಿದ್ದೆ ಕಣೇ,” ಅಂದರು. “ಒಂದು ಮಾತು ನುಂಗಿಕೊಂಡಿದ್ರೆ ಆಗಿತ್ತು.”